ಮಾಹ್ತೆ ಬಿಗಿದ ಸ್ಪ್ರಿಂಗು

ಹಿಮದ ಮೇಲೆ ಓಡುವ ಮೋಟಾರು ಗಾಡಿಯ ಹಿಂದಿನ ಸ್ಪ್ರಿಂಗಿಗೆ ರಿಸ್ಟೆನ್ ಸ್ಪ್ಯಾನರ್ ಹಾಕಿದ್ದೇ ತಡ, ಮೈದುನ ಆಂಟೆ ಹೌಹಾರಿದ.

"ಅತ್ತಿಗೆ, ಮುಟ್ಟಬೇಡಿ! ಅಣ್ಣ ಕೈಯಾರೆ ಬಿಗಿ ಮಾಡಿಟ್ಟಿದ್ದು ಅದು."

ಆ ಅಣ್ಣ, ರಿಸ್ಟೆನಳ ಗಂಡ ಮಾಹ್ತೆ, ತೀರಿಕೊಂಡು ವರ್ಷವಾಗಿತ್ತು. ಹಿಮಸಾರಂಗದ ಹಿಂಡಿನ ಹಿಂದೆಯೇ ಬಾಳು ಸವೆಸಿದವನ ಗಾಡಿಯನ್ನು ಅವನು ಬಿಟ್ಟುಹೋದ ಹಾಗೇ ಓಡಿಸುವುದು ಆ ಮನೆಯವರಿಗೆ ಮರ್ಯಾದೆಯ ಮಾತು. ಚಳಿಗಾಲವಿಡೀ ರಿಸ್ಟೆನ್ ಆ ಮರ್ಯಾದೆಯನ್ನು ಸೊಂಟನೋವಾಗಿ ಹೊತ್ತಿದ್ದಳು.

"ನಿಮ್ಮಣ್ಣ ನೂರು ಕಿಲೋ ಇದ್ದ. ಹಿಂದೆ ಸಾಮಾನಿನ ಜಾರುಬಂಡಿ ಬೇರೆ ಎಳೀತಿದ್ದ. ನಾನು ಐವತ್ತೆರಡು ಕಿಲೋ. ಕೂತ್ರೆ ಸ್ಪ್ರಿಂಗು ಒಂದು ಬೆರಳೂ ಕುಗ್ಗಲ್ಲ. ನಾನು ಕೂತಿದೀನಿ ಅನ್ನೋದೇ ಗಾಡಿಗೆ ಗೊತ್ತಾಗಲ್ಲ ಕಣೋ!"

"ಮೆತ್ತಗೆ ಬೇಕಿದ್ರೆ ಮನೇಲಿ ಹಾಸಿಗೆ ಇದೆಯಲ್ಲ," ಎಂದು ಆಂಟೆ ಕಿಸಕ್ಕನೆ ನಕ್ಕ.

ರಿಸ್ಟೆನ್ ಎರಡೂ ಕಡೆಯ ಸ್ಪ್ರಿಂಗನ್ನು ಸಡಿಲಿಸಿ, ಸೀಟಿನ ಮೇಲೆ ಕೂತು ನೋಡಿದಳು. ಗಾಡಿ ಈಗ ಮೂರು ಬೆರಳು ಕುಗ್ಗಿತು.

ಆಮೇಲೆ ಇಬ್ಬರೂ ಹೊರಟರು. ಒಬ್ಬೊಬ್ಬರ ಸಾರಂಗಗಳನ್ನು ಹಿಂಡಿನಿಂದ ಬೇರ್ಪಡಿಸುವ ದೊಡ್ಡಿಯ ದಾರಿ ಗಾಡಿಗಳು ಓಡಿ ಓಡಿ ಅಲೆ ಅಲೆಯಾಗಿ ಉಬ್ಬಿತ್ತು. ಆಂಟೆಯ ಗಾಡಿ ಪ್ರತಿ ಉಬ್ಬಿಗೂ ಮೊಲದ ಹಾಗೆ ನೆಗೆಯಿತು. ರಿಸ್ಟೆನಳ ಗಾಡಿ ಉಬ್ಬುಗಳನ್ನೆಲ್ಲ ನುಂಗಿಕೊಂಡು ಅವನನ್ನು ದಾಟಿ ಹೋಯಿತು.

ಅವನು ದೊಡ್ಡಿಗೆ ಬಂದು ಸೊಂಟ ಹಿಡಿದುಕೊಂಡು ಇಳಿಯುವಷ್ಟರಲ್ಲಿ ಅವಳು ಅಲ್ಲಿಯ ರೂಢಿಯಂತೆ ಚೀಸಿನ ತುಂಡು ಹಾಕಿದ ಕಾಫಿ ಕುಡಿದು ಮುಗಿಸಿದ್ದಳು. ಎದ್ದು ಬಂದು ಸ್ಪ್ಯಾನರನ್ನು ಅವನ ಸೀಟಿನ ಮೇಲೆ ಕುಕ್ಕಿದಳು.

"ನಿನ್ನ ಗಾಡೀನೂ ಅವನೇ ತನ್ನ ತೂಕಕ್ಕೇ ಬಿಗಿ ಮಾಡಿದ್ದಲ್ವಾ? ಅವನ ಹೆಂಡತಿ ಹೇಳ್ತಿದೀನಿ, ಸಡಿಲ ಮಾಡು."