ನಿದ್ದೆಗೆಂದು ಇಟ್ಟ ಕಲ್ಲು

ದಾಸರಹಳ್ಳಿಯ ಆಚೆಗಿದ್ದ ದೊಡ್ಡ ಪಾರ್ಕಿನ ಒಂದು ಮೂಲೆಯಲ್ಲಿ ಕಾಡು ಇತ್ತು. ತಾನಾಗಿ ಬೆಳೆದ ಕಾಡಲ್ಲ, ಮಾಡಿದ ಕಾಡು. ಎಂಜಿನಿಯರುಗಳು ಕಾಗದದ ಮೇಲೆ ಗೆರೆ ಎಳೆದು, ಇಲ್ಲಿ ಹೊಂಗೆ ಇರಲಿ, ಅಲ್ಲಿ ಬಿದಿರು ಬರಲಿ, ಕಾಲುದಾರಿ ಇಲ್ಲಿ ಸೊಟ್ಟಗೆ ತಿರುಗಲಿ ಎಂದು ಅಪ್ಪಣೆ ಕೊಟ್ಟು ಮಾಡಿಸಿದ್ದು. ನಗಬೇಡಿ. ನೆಟ್ಟವರ ಪುಣ್ಯ, ಮರಗಳು ದಟ್ಟವಾಗಿ ಎದ್ದಿದ್ದವು. ಒಳಗೆ ಹೋದರೆ ತುಮಕೂರು ರಸ್ತೆಯ ಹಾರ್ನ್ ಸದ್ದು ಕೇಳುತ್ತಿರಲಿಲ್ಲ.

ಕುಷ್ಟಗಿ ಕಡೆಯ ಕೊಟ್ರಪ್ಪನಿಗೆ ಬೇಕಾಗಿದ್ದುದೂ ಅಷ್ಟೇ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅವನಿಗೆ ಸದಾ ರಾತ್ರಿ ಪಾಳಿ, ತಗಡು ಒತ್ತುವ ಪ್ರೆಸ್ಸಿನ ಮೇಲೆ ಕೆಲಸ. ಹಗಲು ಮಲಗೋಣವೆಂದರೆ ಗಂಡ ಹೆಂಡತಿ ಇದ್ದ ಬಾಡಿಗೆ ಕೋಣೆಗೆ ತಗಡಿನ ಮಾಡು, ಕೆಳಗೆ ವೆಲ್ಡಿಂಗ್ ಅಂಗಡಿ. ಆ ಕಬ್ಬಿಣ ಕೊಯ್ಯುವ ಸದ್ದಿಗೆ ಸತ್ತವನೂ ಎದ್ದು ಕೂರಬೇಕು. ನಿದ್ದೆಗೆಟ್ಟು ಪ್ರೆಸ್ಸಿನ ಮುಂದೆ ತೂಕಡಿಸಿದ ಜೊತೆ ಕೆಲಸಗಾರ ಮುರಿಗೆಪ್ಪನ ಬೆರಳುಗಳು ಹೋದದ್ದನ್ನು ಕೊಟ್ರಪ್ಪ ಕಣ್ಣಾರೆ ಕಂಡಿದ್ದ. ಅವನ ಕೈಯೂ ಒಂದು ಸಲ ಕೂದಲೆಳೆಯಲ್ಲಿ ಉಳಿದಿತ್ತು. ಅಂದಿನಿಂದ ಬೆಳಗ್ಗೆ ಪಾಳಿ ಮುಗಿಸಿ ನೇರ ಕಾಡಿಗೆ ಬಂದು, ಒಂದು ಹೊಂಗೆ ಮರದ ಕೆಳಗೆ ಟವೆಲು ಹಾಸಿ ಬಿದ್ದುಕೊಳ್ಳುತ್ತಿದ್ದ. ಕಾವಲುಗಾರ ಕಂಡೂ ಕಾಣದಂತಿದ್ದ, ಪುಣ್ಯಾತ್ಮ.

ಆದರೆ ಸುಖ ಕಂಡರೆ ಈ ಊರಿಗೆ ಆಗಿಬರುವುದಿಲ್ಲ. ಆಟೋದವರು, ಲಾರಿಯವರು ಬೇಲಿ ಹಾರಿ ಬಂದು ಅದೇ ಮರಕ್ಕೆ ಉಚ್ಚೆ ಹೊಯ್ಯತೊಡಗಿದರು. ಬೆಂಗಳೂರಿನಲ್ಲಿ ಈ ರೋಗಕ್ಕೆ ಒಂದೇ ಮದ್ದು, ದೇವರು. ಗೋಡೆ ಉಳಿಸಿಕೊಳ್ಳಲು ದೇವರ ಚಿತ್ರದ ಟೈಲ್ಸ್ ಅಂಟಿಸುವುದಿಲ್ಲವೇ? ಕೊಟ್ರಪ್ಪನೂ ಒಂದು ಉದ್ದನೆಯ ಕಲ್ಲು ತಂದು ಮರದ ಬುಡಕ್ಕೆ ನಿಲ್ಲಿಸಿದ. ವಿಭೂತಿ ಬಳಿದ, ಕುಂಕುಮ ಇಟ್ಟ. “ತಪ್ಪಾತಪಾ ಶಿವನೇ, ನಿದ್ದಿಗಾಗಿ ಮಾಡೀನಿ” ಎಂದು ಗಲ್ಲ ಬಡಿದುಕೊಂಡ. ಮರುದಿನದಿಂದ ಒಬ್ಬನೂ ಅಲ್ಲಿ ನಿಲ್ಲಲಿಲ್ಲ. ಕೊಟ್ರಪ್ಪ ಗೊರಕೆ ಹೊಡೆದ.

ಮದ್ದು ಅತಿಯಾಗಿ ಹತ್ತಿತು. ಒಂದು ಬೆಳಗ್ಗೆ ಬೈರಮ್ಮ ಎಂಬ ಮುದುಕಿ ಬಂದು ಕಲ್ಲಿನ ಮುಂದೆ ಕುಸಿದು ಕೂತಳು. ಪಾರ್ಕು ಆಗುವ ಮೊದಲು ಆ ನೆಲ ಅವಳ ಮನೆಯವರ ಹೊಲವಾಗಿತ್ತು.

“ನಮ್ ಮುನೇಸ್ವರ ಕಣಪ್ಪಾ! ಜೆಸಿಬಿ ತಂದು ಎತ್ತಾಕ್ಬುಟ್ಟಿದ್ರು. ತಿರ್ಗಾ ಬಂದವ್ನೆ ನೋಡು!” ಎಂದು ಗಳಗಳ ಅತ್ತಳು. ಆಮೇಲೆ ಕೊಟ್ರಪ್ಪನ ಕಡೆ ತಿರುಗಿ, “ದ್ಯಾವ್ರ ಮುಂದೆ ಅಂಗೆ ಕಾಲ್ ಚಾಚ್ಕೊಂಡ್ ಮಲಗ್ತಾರಾ? ಏಳೋ ಮೇಲೆ!” ಎಂದು ಗದರಿದಳು.

ಅವನು ಟವೆಲು ಕೊಡವಿ ಎದ್ದ. ಆ ಅಳು ನೋಡಿದ ಮೇಲೆ ನಿಜ ಹೇಳಲು ಯಾರಿಗೆ ಬಾಯಿ ಬರುತ್ತದೆ? ತಿಂಗಳೊಪ್ಪತ್ತಿನಲ್ಲಿ ಗಂಟೆ ಬಂತು, ನಿಂಬೆಹಣ್ಣಿನ ಹಾರ ಬಂತು, ಪೂಜೆಯ ದಿನ ಮೈಕೂ ಬಂತು. ಬೇರೆ ಮರದ ಕೆಳಗೆ ಬಿದ್ದುಕೊಂಡರೂ ಗಂಟೆಯ ಸದ್ದು ಬಿಡಲಿಲ್ಲ. ಕೊಟ್ರಪ್ಪನ ಕಣ್ಣು ಮತ್ತೆ ಕೆಂಡವಾಯಿತು. ಪ್ರೆಸ್ಸಿನ ಮುಂದೆ ಮತ್ತೆ ತಲೆ ವಾಲತೊಡಗಿತು.

ಕೊನೆಗೊಂದು ಮಧ್ಯಾಹ್ನ ಅವನಿಗೆ ರೋಸಿಹೋಯಿತು. ಇಟ್ಟವನು ನಾನು, ಕೀಳುವವನೂ ನಾನೇ ಎಂದು ಕಾಡಿಗೆ ನುಗ್ಗಿದ. ಸದ್ಯ ಯಾರೂ ಇರಲಿಲ್ಲ. ಮಂಡಿಯೂರಿ ಎರಡೂ ಕೈಯಲ್ಲಿ ಕಲ್ಲನ್ನು ತಬ್ಬಿ ಹಿಡಿದ.

“ಅಯ್ಯ, ನೀವೂ ಬಂದ್ರಿ?”

ಹಿಂದೆ ಅವನ ಹೆಂಡತಿ ಭಾಗ್ಯಶ್ರೀ ನಿಂತಿದ್ದಳು. ಗಾರ್ಮೆಂಟ್ಸ್ ಕೆಲಸದಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಕೈಯಲ್ಲಿ ಹೂವು, ಕಾಯಿ. ಗಂಡ ದೇವರ ಕಾಲು ಹಿಡಿದಿದ್ದಾನೆಂದೇ ಅವಳು ತಿಳಿದಳು.

“ನಿಮಗ ಹೇಳಿದ್ರ ನಗ್ತೀರಿ ಅಂತ ಸುಮ್ನಿದ್ದೆ. ನಿಮಗ ನಿದ್ದಿ ಹತ್ಲಿ, ಕೈ ಉಳೀಲಿ ಅಂತ ಹರಕಿ ಹೊತ್ತೀನ್ರಿ. ದಿನಾ ಒಪ್ಪತ್ತು ಮಾಡಾಕತ್ತೀನಿ.”

ದಿನವೂ ಒಂದೇ ಹೊತ್ತು ಉಣ್ಣುತ್ತಿದ್ದಾಳೆ, ತನಗೆ ಗೊತ್ತೇ ಆಗಿಲ್ಲ. ಇಷ್ಟು ಕೇಳಿದ ಮೇಲೂ ಕೊಟ್ರಪ್ಪನಿಗೆ ಆಕಳಿಕೆ ಬಂತು. ಕಲ್ಲಿನಿಂದ ಕೈ ತೆಗೆದ.

ಅವಳು ಕಾಯಿ ಒಡೆದು, ಕುಂಕುಮ ತಂದು ಅವನ ಹಣೆಗೆ ಹಚ್ಚಿದಳು. ಮುಖವನ್ನೇ ನೋಡುತ್ತಾ ಆಸೆಯಿಂದ ಕೇಳಿದಳು:

“ಈಗೀಗ ಸ್ವಲ್ಪ ನಿದ್ದಿ ಹತ್ತಾಕತ್ತೈತಿ, ಹೌದಿಲ್ರಿ?”

“ಹೂಂ, ಚಲೋ ಹತ್ತಾಕತ್ತೈತಿ” ಎಂದ ಕೊಟ್ರಪ್ಪ. “ಇನ್ನ ಒಪ್ಪತ್ತು ಬಿಡು. ಉಣ್ಣು ನೀ.”

ಅವಳಿಗೆ ಅಂದು ಹೊಟ್ಟೆ ತುಂಬ ಉಣ್ಣಿಸಿ, ಅವನು ಪಾಳಿಗೆ ಹೋದ.