ತಮ್ಮನಿಗೆ ಬನ್ನಿ

"ಅಂವ ಬರ್ಲಿಲ್ಲಂದ್ರ ನೀವರೆ ಹೋಗ್ರಿ," ಎಂದು ನಲಿನಿ ಗಂಡ ಭಾಲಚಂದ್ರನ ಜೇಬಿಗೆ ಬನ್ನಿ ಎಲೆ ತುರುಕಿಯೇಬಿಟ್ಟಳು.

ದಸರೆಯ ದಿನ ಕಿರಿಯರು ಹಿರಿಯರ ಮನೆಗೆ ಬಂದು ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು. ತಮ್ಮ ಅತುಲ ಹೋದ ವರ್ಷವೂ ಭಾಲ್ಕಿಯಿಂದ ಬಂದಿರಲಿಲ್ಲ. ಚುನಾವಣೆಯ ಹೊತ್ತಿಗೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಭಾಲಚಂದ್ರ ಅವನನ್ನು ಕುರಿ ಎಂದಿದ್ದ; ಅವನು ಅಣ್ಣನನ್ನು 'ದುಡ್ಡಿಗೆ ಮಾರಿಕೊಂಡವನು' ಎಂದಿದ್ದ. ಅಲ್ಲಿಗೆ ಮಾತು ನಿಂತಿತ್ತು.

ಭಾಲಚಂದ್ರ ಬೀದರಿನಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕ. ಮೊನ್ನೆಯಷ್ಟೇ ಔರಾದಿಗೆ ಹೋಗಿ, ಪ್ರಜಾಪ್ರಭುತ್ವದಲ್ಲಿ ಕೇಳಿಸಿಕೊಳ್ಳುವುದು ಎಷ್ಟು ಮುಖ್ಯವೆಂದು ಗಂಟೆಗಟ್ಟಲೆ ಮಾತಾಡಿ, ಪ್ರಶ್ನೆ ಕೇಳಲು ಎದ್ದವರಿಗೆ ಬಸ್ಸಿನ ನೆಪ ಹೇಳಿ ಬಂದಿದ್ದ. ಚಪ್ಪಾಳೆಯೇನೋ ಚೆನ್ನಾಗಿಯೇ ಬಿದ್ದಿತ್ತು.

ಎಲ್ಲರೂ ಸರ್ ಸರ್ ಎನ್ನುವವರೇ. ಮುಖಕ್ಕೆ ಹೊಡೆದಂತೆ ಬೈಯುವವನು ಅತುಲನೊಬ್ಬನೇ. ಬೈಸಿಕೊಳ್ಳದೆ ಬದುಕು ಸಪ್ಪೆಯಾಗಿತ್ತು. ತಮ್ಮ ಬೇಕಾಗಿದ್ದ, ಅಷ್ಟೇ.

ಭಾಲ್ಕಿಯ ಬಸ್ಸಿನಲ್ಲಿ ರಾಜಿಯ ಮಾತು ಜೋಡಿಸತೊಡಗಿದ. 'ನಿನ್ನ ಮಾತಿನಾಗೂ ಖರೆ ಅದ' ಎನ್ನಬೇಕು. ಅದಕ್ಕವನು 'ಈಗ ತಿಳೀತೇನು?' ಎಂದರೆ? ಎಂದೇ ಎನ್ನುತ್ತಾನೆ, ಬಿಡುವವನಲ್ಲ. ಬಸ್ಸು ಹಲಬರ್ಗಾ ದಾಟುವಷ್ಟರಲ್ಲಿ ಭಾಲಚಂದ್ರ ಬಿಟ್ಟುಕೊಟ್ಟದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದ. ಪಕ್ಕದವರು ಅವನ ಗೊಣಗಾಟಕ್ಕೆ ಹೆದರಿ ಬೇರೆ ಸೀಟಿಗೆ ಹೋದರು. ಭಾಲ್ಕಿಯಲ್ಲಿ ಇಳಿದಾಗ, ಅತುಲ ಕನಸಿನಲ್ಲೂ ಆಡದ ಮಾತಿಗೆ ಇವನ ಮೈ ಉರಿಯುತ್ತಿತ್ತು.

ಬಾಗಿಲು ತೆರೆದವನು ಅತುಲನೇ. ಅಣ್ಣನನ್ನು ಕಂಡು ಕಣ್ಣು ತುಂಬಿಕೊಂಡ.

"ಬಾ ಅಣ್ಣಾ, ಒಳಗ ಬಾ. ಮುಕ್ತಾ, ಚಹಾ ಇಡು."

ಭಾಲಚಂದ್ರ ಬನ್ನಿ ಕೊಟ್ಟ.

"ನಾನೇ ಬರಬೇಕಿತ್ತು. ಮಾರಿ ತೋರ್ಸಲಾಕ ನಾಚಿಕಿ ಆಯ್ತು," ಎನ್ನುತ್ತ ಅತುಲ ಕಾಲಿಗೆ ಬೀಳಲು ಬಗ್ಗಿದ.

ಭಾಲಚಂದ್ರನಿಗೆ ಇಷ್ಟು ಸುಖ ಯಾವ ಚಪ್ಪಾಳೆಯಲ್ಲೂ ಸಿಕ್ಕಿರಲಿಲ್ಲ. ಹರಸಲು ಕೈ ಎತ್ತಿದ. ಬಸ್ಸಿನಲ್ಲಿ ಉಳಿದುಹೋಗಿದ್ದ ಜಗಳ ಬಾಯಿಂದ ತಾನಾಗಿ ಹೊರಬಿತ್ತು:

"ಅದೆಲ್ಲಾ ಇರ್ಲಿ. ಮೊದಲ ನಿನ್ನ ತಪ್ಪು ಒಪ್ಕೋ."

ಅತುಲ ಬಗ್ಗಿದಲ್ಲೇ ನಿಂತ. ಚಾಚಿದ ಕೈ ಅಣ್ಣನ ಪಾದಕ್ಕೆ ಗೇಣು ದೂರದಲ್ಲಿ ಉಳಿಯಿತು.

ಒಳಗಿನಿಂದ ಬಂದ ಮುಕ್ತಾ ನೋಡಿದಳು: ಕೆಳಗೆ ಗಂಡನ ತಲೆ, ಮೇಲೆ ಭಾವನ ಕೈ.

"ಹೊಡಿಬ್ಯಾಡ್ರಿ ಭಾವಾರ," ಎಂದಳು ಮೆಲ್ಲಗೆ.

ಇದು ಆಶೀರ್ವಾದ ಎನ್ನಬೇಕೆಂದುಕೊಂಡ ಭಾಲಚಂದ್ರ. ಕೈ ಇಳಿಸಿದರೆ ಅದು ತಮ್ಮನ ತಲೆಯ ಮೇಲೆಯೇ ಬೀಳಬೇಕು. ಅತುಲ ಕಣ್ಣು ಮುಚ್ಚಿಕೊಂಡು ಕತ್ತು ಬಿಗಿಹಿಡಿದಿದ್ದ. ಕೈ ಮೇಲೆಯೇ ಇತ್ತು.