ಒದ್ದೆಯಿಲ್ಲದ ಮೆಟ್ಟಿಲು

ನನ್ನ ಎಡಮಂಡಿಯ ಲಿಗಮೆಂಟ್ ಹರಿದದ್ದು ನನ್ನ ಕೋಣೆಯಲ್ಲಿ, ಬಾಗಿಲಿಗೆ ಚಿಲಕ ಹಾಕಿಕೊಂಡು ಕುಣಿಯುತ್ತಿದ್ದಾಗ. ಬಲಗಾಲನ್ನು ಬೀಸಿ ಒಂದು ಸುತ್ತು ತಿರುಗಬೇಕಿತ್ತು. ಮೈಯೆಲ್ಲ ತಿರುಗಿತು, ಎಡಪಾದ ಮಾತ್ರ ನೆಲಹಾಸನ್ನು ಕಚ್ಚಿಕೊಂಡು ನಿಂತಲ್ಲೇ ನಿಂತಿತು. ಒಳಗೆಲ್ಲೋ ಟಪ್ ಎಂದಿತು. ನಾನು ಬಿದ್ದೆ, ಫೋನಿನ ಹಾಡು ನನ್ನನ್ನು ಬಿಟ್ಟು ಮುಂದಕ್ಕೆ ಹೋಯಿತು.

ನಾನು ಕುಣಿಯುತ್ತೇನೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ಜನರ ಮುಂದೆ ಬಾಯಾರಿದರೂ ನೀರು ಕೇಳದವಳು ನಾನು. ಹಾಗಾಗಿ ತೆವಳಿಕೊಂಡು ಹೋಗಿ ಚಿಲಕ ತೆಗೆದೆ. ಹಜಾರ ತೆವಳಿದೆ. ಮುಂಬಾಗಿಲು ದಾಟಿ ಕಟ್ಟಡದ ಮೆಟ್ಟಿಲ ಮೇಲೆ ಕೂತು, ಕೂದಲು ಸರಿಮಾಡಿಕೊಂಡು, ಆಮೇಲೆ ಅತ್ತೆಯನ್ನು ಕೂಗಿದೆ. ನನ್ನ ಬದುಕಿನಲ್ಲಿ ಅಷ್ಟು ಯೋಜನೆ ಹಾಕಿ ಮಾಡಿದ ಕೆಲಸ ಇನ್ನೊಂದಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಅಮ್ಮ ಹೋದಮೇಲೆ ಮನೆ ಅವರ ಕೈಯಲ್ಲಿದೆ, ಅಪ್ಪನೂ ಅವರ ಕೈಯಲ್ಲೇ ಇದ್ದಾರೆ.

"ಏನಾಯ್ತೇ?"

"ಕಾಲು ಜಾರ್ತು ಅತ್ತೆ."

ಅತ್ತೆ ಮೊದಲು ಮೆಟ್ಟಿಲ ಸಂದಿಯಲ್ಲಿ ಬಗ್ಗಿ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಕೆಳಗೆ ನೋಡಿದರು. ಮಂಡಿಯನ್ನು ನೋಡಿದ್ದು ಆಮೇಲೆ.

"ಹಾಗನ್ಬೇಡ್ವೇ! ಮದುವೆಯಾಗದ ಹುಡುಗಿ ಕಾಲು ಜಾರ್ತು ಅಂದ್ರೆ, ಕೇಳಿದೋರು ಬೆರಳಲ್ಲಿ ತಿಂಗಳು ಎಣಿಸ್ತಾರೆ."

"ಮತ್ತೆ... ಬಿದ್ದೆ ಅನ್ಲಾ?"

"ಬಿದ್ದೆ ಅಂದ್ರೆ ಯಾರ ಬಲೆಗೆ ಅಂತಾರೆ. ತಾಳು." ಅತ್ತೆ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು. ನನ್ನ ಮಂಡಿ ಆ ಹೊತ್ತಿಗೆ ತೆಂಗಿನಕಾಯಿಯ ಗಾತ್ರಕ್ಕೆ ಬಂದಿತ್ತು. "ಮೆಟ್ಟಿಲು ಒದ್ದೆಯಿತ್ತು. ಅಷ್ಟೇ ಹೇಳು. ತಪ್ಪು ಮೆಟ್ಟಿಲಿಂದು. ನಿನ್ನ ಕಾಲಿನ ಸುದ್ದಿಯೇ ಬೇಡ."

ಮೆಟ್ಟಿಲು ಒಣಗಿ ಬೆಚ್ಚಗಿತ್ತು. ಅದರ ಮೇಲೇ ಕೂತಿದ್ದ ನನಗೆ ಗೊತ್ತಿಲ್ಲವೇ? ಆದರೂ ತಲೆಯಾಡಿಸಿದೆ.

ಮೂಳೆ ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, ಬಟ್ಟೆ ಅಂಗಡಿಯವರು ಹೊಸ ಮಾಲು ತೋರಿಸುವ ಖುಷಿಯಲ್ಲಿ "ಪೂರ್ತಿ ಹರಿದಿದೆ" ಎಂದರು. ಹರಿದದ್ದನ್ನು ಹೊಲಿಯುವುದಿಲ್ಲವಂತೆ. ತೊಡೆಯ ಹಿಂಭಾಗದಿಂದ ಹುರಿಯಂಥ ಒಂದು ಎಳೆ ತೆಗೆದು, ಮಡಚಿ ದಪ್ಪ ಮಾಡಿ, ಮೂಳೆಯಲ್ಲಿ ತೂತು ಕೊರೆದು ಮಂಡಿಯೊಳಗೆ ಬಿಗಿಯುವುದಂತೆ.

"ತೊಡೆಗೆ ಬೇಡ್ವಾ ಅದು?" ಅಪ್ಪ ಕೇಳಿದರು.

"ಬೇಕು. ಹೇಗೋ ಸುಧಾರಿಸ್ಕೊಳ್ಳುತ್ತೆ."

"ನಮ್ಮನೇಲಿ ನಾನು ಸುಧಾರಿಸ್ಕೊಂಡ ಹಾಗೆ," ಎಂದರು ಅತ್ತೆ.

"ಇದು ಹೇಗಾಯ್ತಮ್ಮ?" ಡಾಕ್ಟರು ನನ್ನತ್ತ ತಿರುಗಿದರು. "ಸಾಮಾನ್ಯವಾಗಿ ಆಟ ಆಡೋರಿಗೆ, ಗಕ್ಕನೆ ತಿರುಗಿದಾಗ ಆಗೋದು."

"ಮೆಟ್ಟಿಲು ಒದ್ದೆಯಿತ್ತು," ಎಂದು ಅತ್ತೆಯೇ ಉತ್ತರಿಸಿದರು. ಡಾಕ್ಟರು ಬರೆದುಕೊಂಡರು.

ಮೂರು ವಾರ ಕಳೆದು ಊತ ಇಳಿದಾಗ ಆಪರೇಷನ್. ಬೆನ್ನಿಗೆ ಸೂಜಿ ಚುಚ್ಚಿದರು. ಸೊಂಟದಿಂದ ಕೆಳಗೆ ನಾನು ಇಲ್ಲವಾದೆ. ಪರದೆಯ ಅಂಚಿನಲ್ಲಿ ಯಾರೋ ಒಂದು ಕಾಲನ್ನು ಎತ್ತಿ ಹಿಡಿದದ್ದು ಕಾಣಿಸಿತು. ಪಾಪ, ಯಾರದೋ ಎಂದುಕೊಂಡೆ. ಕಿರುಬೆರಳಿನ ಮಚ್ಚೆ ಕಂಡಮೇಲೆ ಗುರುತು ಸಿಕ್ಕಿತು. ಆಮೇಲೆ ಡ್ರಿಲ್ಲಿನ ಸದ್ದು. ಪಕ್ಕದ ಮನೆಯವರು ಗೋಡೆಗೆ ಕಪಾಟು ಜೋಡಿಸುತ್ತಿದ್ದ ಹಾಗಿತ್ತು, ಪಕ್ಕದ ಮನೆ ನಾನೇ ಅಷ್ಟೆ. ಡಾಕ್ಟರು ಕೊರೆಯುತ್ತ ತಮ್ಮ ಹೊಸ ಬಚ್ಚಲಮನೆಗೆ ಎಂಥ ಟೈಲ್ಸ್ ಹಾಕಿಸಲಿ ಎಂದು ಸಹಾಯಕನನ್ನು ಕೇಳುತ್ತಿದ್ದರು.

"ಜಾರದೆ ಇರೋದು ಹಾಕ್ಸಿ ಸಾರ್. ಇಲ್ಲೇ ನೋಡಿ, ಒದ್ದೆ ಮೆಟ್ಟಿಲ ಕಥೆ."

ನನ್ನ ಸುಳ್ಳನ್ನು ನನ್ನ ಮಂಡಿಯ ಮೇಲೆಯೇ ಬಡಿಸುತ್ತಿದ್ದರು. ಕಾಲಿದ್ದಿದ್ದರೆ ಎದ್ದು ಓಡುತ್ತಿದ್ದೆ.

ಕುರ್ಚಿಯಲ್ಲಿ ಕೂರಿಸಿ, ಮದುಮಗಳ ಹಾಗೆ ಎತ್ತಿಕೊಂಡು, ಎರಡು ಮಹಡಿ ಹತ್ತಿಸಿ ಮನೆಗೆ ತಂದರು. ಕಾಲಿಗೆ ತೊಡೆಯಿಂದ ಮೀನಖಂಡದವರೆಗೆ ಪಟ್ಟಿ. ದಿನಕ್ಕೆ ನಾಲ್ಕು ಸಲ ಐಸ್. ದಿನ ಬಿಟ್ಟು ದಿನ ವ್ಯಾಯಾಮ ಮಾಡಿಸುವ ಹೆಂಗಸೊಬ್ಬಳು ಉದ್ದ ಕೋನಮಾಪಕ ಹಿಡಿದು ಬರುತ್ತಿದ್ದಳು. ಮಂಡಿ ಎಷ್ಟು ಡಿಗ್ರಿ ಮಡಚಿತು ಎಂದು ಅಳೆಯುವುದು ಅವಳ ಕೆಲಸ. ನನ್ನ ಹತ್ತಿರ ಒಂದು ಡಿಗ್ರಿ ಆಗಲೇ ಇತ್ತು, ಅದರಿಂದ ಯಾರಿಗೂ ಉಪಯೋಗವಾಗಿರಲಿಲ್ಲ. ಇವಳಿಗೆ ತೊಂಬತ್ತು ಬೇಕಿತ್ತು.

"ಇನ್ನು ಎರಡೇ ಎರಡು," ಎನ್ನುತ್ತಿದ್ದಳು, ಹಿಮ್ಮಡಿಯನ್ನು ತೊಡೆಯತ್ತ ತಳ್ಳುತ್ತ. "ಅಳು ಬಂದ್ರೆ ಅಳು, ಕಾಲು ಮಾತ್ರ ಬಿಗಿ ಹಿಡೀಬೇಡ."

ಆಪರೇಷನ್ ಆದ ಐದನೇ ವಾರ ಅತ್ತೆ ತರಕಾರಿಯ ಜೊತೆ ಸುದ್ದಿಯನ್ನೂ ತಂದರು. ಮೆಟ್ಟಿಲು ಒರೆಸುವ ಬಕೆಟ್ ಅಕ್ಕನನ್ನು ಕೆಲಸದಿಂದ ತೆಗೆಯುತ್ತಾರಂತೆ. ಭಾನುವಾರ ಬೆಳಿಗ್ಗೆ ಕಟ್ಟಡದ ಕಾರ್ಯದರ್ಶಿ ಸಭೆ ಕರೆದಿದ್ದಾರಂತೆ.

"ಯಾಕೆ?"

"ಯಾಕೆ ಅಂತಾಳೆ ನೋಡು! ನಿನ್ನ ಕಾಲಿಗೋಸ್ಕರ ಕಣೇ."

"ಅವರ ತಪ್ಪಲ್ಲ ಅತ್ತೆ."

"ಮತ್ತೆ ಯಾರದು?"

ನಾನು ಬೀನ್ಸಿನ ನಾರು ಬಿಡಿಸತೊಡಗಿದೆ.

ಮರುದಿನ ಮುಂಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಹೊರಗೆ ಬಕೆಟ್ ಅಕ್ಕ ಕೆಲಸ ಮಾಡುತ್ತಿದ್ದರು. ಮೊದಲು ಒದ್ದೆ ಬಟ್ಟೆಯ ಸದ್ದು, ಹಿಂದೆಯೇ ಬೇರೊಂದು ಸದ್ದು, ಗರಗರ. ಬಾಗಿಲ ಸಂದಿಯಿಂದ ನೋಡಿದೆ. ಒಂದೊಂದು ಮೆಟ್ಟಿಲನ್ನೂ ಒರೆಸಿ, ಅದರ ಮೇಲೇ ಮಂಡಿಯೂರಿ, ಒಣಬಟ್ಟೆಯಿಂದ ಮತ್ತೆ ಉಜ್ಜುತ್ತಿದ್ದರು. ಎದುರುಮನೆಯ ದಂತವೈದ್ಯರ ಹೆಂಡತಿ ಕಸ ಇಡಲು ಹೊರಗೆ ಬಂದವರು ನಿಂತರು.

"ಹನ್ನೊಂದು ವರ್ಷ ಒರೆಸಿದೀನಿ ತಾಯಿ ಇದನ್ನ," ಎಂದರು ಅಕ್ಕ, ತಲೆಯೆತ್ತದೆ. "ಒಂದು ಬೆಕ್ಕೂ ಜಾರಿಲ್ಲ."

ಭಾನುವಾರ ಅಪ್ಪ, ಅತ್ತೆ ಸಭೆಗೆ ಇಳಿದುಹೋದರು. ನನಗೆ ಮೆಟ್ಟಿಲಿಳಿಯಲು ಇನ್ನೂ ಅಪ್ಪಣೆಯಾಗಿರಲಿಲ್ಲ. ಊರುಗೋಲು ಕಂಕುಳಿಗೆ ಸಿಕ್ಕಿಸಿ, ಕಂಬಿ ಹಿಡಿದು, ಮೊದಲು ಊರುಗೋಲು, ಆಮೇಲೆ ಕೆಟ್ಟ ಕಾಲು, ಆಮೇಲೆ ಒಳ್ಳೆಯದು. ಮೂವತ್ತನಾಲ್ಕು ಮೆಟ್ಟಿಲು. ಹತ್ತನೆಯದರಲ್ಲಿ ಬೆವರಿದೆ, ಇಪ್ಪತ್ತರಲ್ಲಿ ಹಿಂದಕ್ಕೆ ಹೋಗೋಣವೆನ್ನಿಸಿತು. ಹಿಂದಕ್ಕೆ ಹೋಗುವುದೆಂದರೆ ಹತ್ತುವುದು, ಅದು ಇನ್ನೂ ಕಷ್ಟ. ಆ ಒಂದೇ ಕಾರಣಕ್ಕೆ ನಾನು ಅವತ್ತು ಧೈರ್ಯವಂತೆಯಾದೆ.

ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹದಿನೈದು ಜನ. ಬಕೆಟ್ ಅಕ್ಕ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು. ಕಾರ್ಯದರ್ಶಿ ನಡಾವಳಿ ಪುಸ್ತಕದಿಂದ ತಲೆಯೆತ್ತಿದರು.

"ನೋಡಿ, ಪಾಪ! ಆ ಕಾಲಲ್ಲೇ ಸಾಕ್ಷಿ ಹೇಳೋಕೆ ಇಳಿದು ಬಂದಿದೆ ಮಗು."

"ಮೆಟ್ಟಿಲು ಒದ್ದೆಯಿರ್ಲಿಲ್ಲ," ಎಂದೆ. ಧ್ವನಿ ಮೊದಲ ಕುರ್ಚಿಯನ್ನೂ ದಾಟಲಿಲ್ಲ.

"ಏನಂತೆ?" ಹಿಂದಿನಿಂದ ಯಾರೋ ಕೇಳಿದರು.

"ಮೆಟ್ಟಿಲು ಒದ್ದೆಯಿತ್ತಂತೆ," ಎಂದು ಮೊದಲ ಕುರ್ಚಿಯ ಕಿವಿಮಂದದ ಅಜ್ಜ ದಾಟಿಸಿದರು.

"ಇರ್ಲಿಲ್ಲ!" ಕಿರುಚಿದೆ. ಅಷ್ಟು ದೊಡ್ಡ ಧ್ವನಿ ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. "ನಾನು ಮೆಟ್ಟಿಲಲ್ಲಿ ಬಿದ್ದೇ ಇಲ್ಲ! ನನ್ನ ರೂಮಲ್ಲಿ ಕುಣೀತಿದ್ದೆ!"

ಅತ್ತೆ ಕಣ್ಣು ಮುಚ್ಚಿದರು. "ಮಾತ್ರೆ ಜಾಸ್ತಿಯಾಗಿದೆ ಅವಳಿಗೆ."

"ಕುಣೀತಿದ್ಯಾ? ಯಾರ ಜೊತೆ?" ಎಂದರು ಕಾರ್ಯದರ್ಶಿ.

"ಒಬ್ಬಳೇ."

"ಒಬ್ಬಳೇ ಯಾರಮ್ಮ ಕುಣೀತಾರೆ?"

"ನಾನು ಕುಣೀತೀನಿ," ಎಂದರು ದಂತವೈದ್ಯರ ಹೆಂಡತಿ. ದಂತವೈದ್ಯರು ತಿರುಗಿ ನೋಡಿದರು.

ಅಪ್ಪ ಎದ್ದುನಿಂತರು. "ಮತ್ತೆ ಮೆಟ್ಟಿಲ ಮೇಲೆ ಕೂತಿದ್ಯಲ್ಲ? ಆ ಕಾಲಲ್ಲಿ ರೂಮಿಂದ ಅಲ್ಲಿ ತನಕ ತೆವಳಿದ್ಯಾ?"

"ಹೂಂ."

"ನಮಗೆ ಗೊತ್ತಾಗಬಾರದು ಅಂತ?"

"ಹೂಂ."

ಅಪ್ಪ ಕೂತರು. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. "ಇದಕ್ಕಿಂತ ಕಾಲು ಜಾರ್ತು ಅನ್ನೋದೇ ವಾಸಿಯಿತ್ತು," ಎಂದು ಗೊಣಗಿದರು.

ಕಾರ್ಯದರ್ಶಿ ಪೆನ್ನನ್ನು ಗಾಳಿಯಲ್ಲೇ ಹಿಡಿದು ಕೂತಿದ್ದರು. ಅವರು ಆಗಲೇ ಅರ್ಧ ಪುಟ ಬರೆದಾಗಿತ್ತು. "ಈಗ ಏನಂತ ಬರೀಲಿ ನಾನು? ಒಂದು ಸಭೆಗೆ ಒಂದು ಕಾರಣ ಬೇಡ್ವಾ?"

"ಮೆಟ್ಟಿಲು ಒಣಗಿತ್ತು ಅಂತ ಬರೀರಿ ಸ್ವಾಮಿ," ಎಂದರು ಬಕೆಟ್ ಅಕ್ಕ. "ಕೆಲಸದವಳು ಇರ್ತಾಳೆ ಅಂತಲೂ ಬರೀರಿ. ಬರೆದು ಜೋರಾಗಿ ಓದಿ."

ಅವರು ಬರೆದು ಓದಿದರು. ಅಜ್ಜನಿಗಾಗಿ ಇನ್ನೊಮ್ಮೆ ಓದಬೇಕಾಯಿತು.

ಜನ ಕುರ್ಚಿ ಮಡಚಿ ಹೊರಟರು. ಅತ್ತೆ ನನ್ನತ್ತ ನೋಡದೆ ಮೇಲೆ ಹೋದರು. ಅಪ್ಪನನ್ನು ಕಾರ್ಯದರ್ಶಿ ಹಿಡಿದು ನಿಲ್ಲಿಸಿಕೊಂಡರು. ನಾನು ಅಕ್ಕನ ಹತ್ತಿರ ಕುಂಟಿಕೊಂಡು ಹೋದೆ. ನಗುತ್ತಾರೆ, ತಲೆ ಸವರುತ್ತಾರೆ ಎಂದು ನನ್ನ ಮನಸ್ಸಿನಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

"ಎಂಟು ವಾರ," ಎಂದರು ಅವರು. "ಎಂಟು ವಾರ ಮಂಡಿಯೂರಿ ಉಜ್ಜಿದೀನಿ, ಮೂವತ್ನಾಲ್ಕೂ. ನಿಂಗಾದ್ರೆ ತೊಡೆಯಿಂದ ತೆಗೆದು ಹಾಕಿದ್ರು. ನನ್ನ ಮಂಡಿ ಯಾರಿಗೆ ತೋರಿಸ್ಲಿ?"

"ತಪ್ಪಾಯ್ತು ಅಕ್ಕ," ಎಂದೆ.

"ಆಯ್ತು, ಗೊತ್ತಾಯ್ತು." ಅವರು ಕೊನೆಯ ಮೆಟ್ಟಿಲ ಮೇಲೆ ಕೂತು ಬಲಮಂಡಿಯನ್ನು ಎರಡೂ ಕೈಯಲ್ಲಿ ನೀವಿಕೊಂಡರು. ಆಮೇಲೆ ನನಗೆ ದಾರಿಬಿಟ್ಟು ಪಕ್ಕಕ್ಕೆ ಸರಿದರು. "ಹತ್ತು ಈಗ. ಮಧ್ಯದಲ್ಲಿ ಕುಣಿಯೋಕೆ ಶುರು ಮಾಡ್ಬೇಡ."

ಒಳ್ಳೆಯ ಕಾಲು ಮೊದಲು, ಆಮೇಲೆ ಕೆಟ್ಟದ್ದು, ಆಮೇಲೆ ಊರುಗೋಲು. ಮೆಟ್ಟಿಲಿಗೊಮ್ಮೆ ನಿಂತು ಉಸಿರೆಳೆದುಕೊಂಡೆ. ನಾನು ಎರಡನೇ ತಿರುವು ಮುಟ್ಟಿದಮೇಲೆಯೇ ಕೆಳಗೆ ಅವರು ಬಕೆಟ್ ಎತ್ತಿಕೊಂಡ ಸದ್ದು ಕೇಳಿಸಿತು.